ಬಿಸಿಲುನಾಡಿನ ಗುಡ್ಡ ಹತ್ತುವ ಮುನ್ನ: ವಾರಾಂತ್ಯದ ಗುಂಪು ಚಾರಣಕ್ಕೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ದಸರೆ ಮುಗಿಯುತ್ತಿದ್ದಂತೆ ಕಲಬುರಗಿ, ಬೀದರ್, ಯಾದಗಿರಿಯ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ಕಚೇರಿಯ ಅಥವಾ ಕಾಲೇಜಿನ ಹತ್ತು ಹದಿನೈದು ಮಂದಿ ಸೇರಿ ಭಾನುವಾರ ಒಂದು ಗುಡ್ಡ ಹತ್ತಿ ಬರಬೇಕು. ಎಲ್ಲಿಗೆ ಹೋಗುವುದು, ಏನೇನು ಒಯ್ಯುವುದು, ಯಾವುದಕ್ಕೆ ಅಂಜಬೇಕು? ಕನ್ನಡದಲ್ಲಿ ಚಾರಣದ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಮಲೆನಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಜಿಗಣೆಗೆ ಏನು ಮಾಡಬೇಕು, ಹಳ್ಳದ ನೀರನ್ನು ಹೇಗೆ ಶುದ್ಧಗೊಳಿಸಬೇಕು ಎಂಬುದನ್ನು ಅವು ಹೇಳುತ್ತವೆ. ನಮ್ಮ ಕಡೆ ಜಿಗಣೆಯೂ ಇಲ್ಲ, ವರ್ಷದ ಎಂಟು ತಿಂಗಳು ಹಳ್ಳದಲ್ಲಿ ನೀರೂ ಇರುವುದಿಲ್ಲ. ಗುಡ್ಡಗಳು ಎತ್ತರವಲ್ಲ, ಆದರೆ ನೆರಳು ವಿರಳ, ಬಂಡೆ ಬೇಗ ಕಾಯುತ್ತದೆ. ಆದುದರಿಂದ ಇಲ್ಲಿನ ಚಾರಣವನ್ನು ನೀರಿನ ಲೀಟರುಗಳಲ್ಲಿ ಮತ್ತು ಗಡಿಯಾರದ ಗಂಟೆಗಳಲ್ಲಿ ಅಳೆಯಬೇಕು. ದೂರದ ಲೆಕ್ಕ ಆಮೇಲಿನದು. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

1. ಮೊದಲು ತಿಂಗಳನ್ನು ಆರಿಸಿ

ನವೆಂಬರಿನಿಂದ ಫೆಬ್ರುವರಿಯ ಮಧ್ಯದವರೆಗಿನ ಅವಧಿ ಉತ್ತಮ. ಮಾರ್ಚ್ ಬಂದ ಮೇಲೆ ಹೊಸಬರ ಗುಂಪನ್ನು ಗುಡ್ಡಕ್ಕೆ ಕರೆದೊಯ್ಯಬೇಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 42 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ನಮ್ಮಲ್ಲಿ ಸಾಮಾನ್ಯ. ಆ ಲೆಕ್ಕ ನೆರಳಿನಲ್ಲಿಟ್ಟ ಉಷ್ಣಮಾಪಕದ್ದು ಎಂಬುದನ್ನೂ, ಬಯಲಿನ ಬಂಡೆಯ ಮೇಲಿನ ಝಳ ಅದಕ್ಕಿಂತ ಬಹಳ ಹೆಚ್ಚು ಎಂಬುದನ್ನೂ ನೆನಪಿಡಿ. ಮಳೆಗಾಲದಲ್ಲಿ ಚಿಂಚೋಳಿಯ ಕಾಡು ಹಸಿರಾಗಿ, ಎತ್ತಿಪೋತ ಜಲಪಾತ ಧುಮ್ಮಿಕ್ಕುವುದರಿಂದ ಅನೇಕರು ಜುಲೈ, ಆಗಸ್ಟ್ ತಿಂಗಳುಗಳನ್ನೇ ಬಯಸುತ್ತಾರೆ. ಬಯಸುವುದು ತಪ್ಪಲ್ಲ, ಆದರೆ ಆಗ ಬಂಡೆಯ ಮೇಲೆ ಪಾಚಿ ಕಟ್ಟಿರುತ್ತದೆ, ಹಳ್ಳಗಳು ಮೇಲಿನ ಊರಿನ ಮಳೆಗೆ ಇದ್ದಕ್ಕಿದ್ದಂತೆ ಏರುತ್ತವೆ. ಅಂತಹ ದಿನಗಳಲ್ಲಿ ದೂರದಿಂದ ನೋಡಿ ಬರುವ ಕಾರ್ಯಕ್ರಮವನ್ನಷ್ಟೇ ಇಟ್ಟುಕೊಳ್ಳಿ, ಹಳ್ಳಕ್ಕೆ ಇಳಿಯಬೇಡಿ.

2. ನೆಲವನ್ನು ತಿಳಿದು ಸ್ಥಳವನ್ನು ಗೊತ್ತುಮಾಡಿ

ಮೂರು ಜಿಲ್ಲೆಗಳೂ ಅಕ್ಕಪಕ್ಕದಲ್ಲಿದ್ದರೂ ಕಾಲಡಿಯ ನೆಲ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಅರಿಯದೆ ಸ್ಥಳ ಆರಿಸುವುದೇ ಹೊಸ ಗುಂಪುಗಳ ಮೊದಲ ತಪ್ಪು.

ಬೀದರ್ ಪಟ್ಟಣ ಕುಳಿತಿರುವುದು ಜಂಬಿಟ್ಟಿಗೆ ಕಲ್ಲಿನ, ಅಂದರೆ ರಂಧ್ರಗಳಿರುವ ಕೆಂಪು ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ. ಮಳೆಯ ನೀರು ಆ ಕಲ್ಲಿನೊಳಗೆ ಇಂಗಿ, ಕೆಳಗಿನ ನೀರು ಬಿಡದ ಪದರವನ್ನು ಮುಟ್ಟಿ, ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿ, ಗುರುನಾನಕ್ ಝೀರಾ, ಪಾಪನಾಶಗಳು ಅಲ್ಲಿರುವುದಕ್ಕೆ ಕಾರಣವೂ ಇದೇ. ಏರಿಳಿತ ಕಡಿಮೆಯಿರುವ, ಕಾಲಿಗೆ ಹಿಡಿತ ಸಿಗುವ ಈ ನೆಲ ಮೊದಲ ಸಲ ನಡೆಯುವವರಿಗೆ ಒಳ್ಳೆಯದು. ನೌಬಾದಿನ ಕಡೆ ನಡೆಯುವವರು ಬಹಮನಿ ಕಾಲದ ಸುರಂಗ ಬಾವಿಯ ಬಗ್ಗೆ ಎಚ್ಚರದಿಂದಿರಬೇಕು. ನೆಲದಡಿಯ ಕಾಲುವೆಯಲ್ಲಿ ನೀರು ಹರಿಸುವ ಈ ವ್ಯವಸ್ಥೆಗೆ ಕಾರೇಜ್ ಎಂಬ ಹೆಸರೂ ಇದೆ. ಅದಕ್ಕೆ ಸಾಲಾಗಿ ಗಾಳಿಬಾವಿಗಳಿವೆ. ಅವುಗಳ ಬಾಯಿಯ ಬಳಿ ಬಗ್ಗಿ ನೋಡುವುದಾಗಲಿ, ಅನುಮತಿಯಿಲ್ಲದೆ ಸುರಂಗದೊಳಗೆ ಇಳಿಯುವುದಾಗಲಿ ಸಲ್ಲದು.

ಕಲಬುರಗಿ ಜಿಲ್ಲೆಯ ಬಹುಭಾಗ ಎರೆ ಭೂಮಿ. ಒಣಗಿದಾಗ ಈ ಕಪ್ಪು ಮಣ್ಣು ಪಾದ ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ, ನೆನೆದಾಗ ಬೂಟಿಗೆ ಅಂಟಿ ಕಾಲನ್ನೇ ಎತ್ತಗೊಡುವುದಿಲ್ಲ. ಆದ್ದರಿಂದ ಹೊಲದ ನಡುವೆ ಅಡ್ಡ ಹಾಯದೆ ಬಂಡಿದಾರಿಯಲ್ಲೇ ನಡೆಯಿರಿ. ತೊಗರಿ ನಿಂತಿರುವ ತಿಂಗಳುಗಳಲ್ಲಿ ಹೊಲ ತುಳಿದರೆ ರೈತನಿಗೆ ನಷ್ಟ. ಹೂವು, ಕಾಯಿ ಬಿಡುವ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸುವುದರಿಂದ ನಿಮಗೂ ಹಾನಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಪರ್ಶಿ ಕಲ್ಲಿನ ಹಳೆಯ ಗಣಿಗಳಲ್ಲಿ ತಿಳಿನೀರು ನಿಂತಿರುವುದನ್ನು ಕಂಡು ಈಜುವ ಆಸೆ ಹುಟ್ಟುವುದು ಸಹಜ. ಅಂಚು ಗೋಡೆಯಂತೆ ನೆಟ್ಟಗೆ ಇಳಿದಿರುವುದರಿಂದ ಬಿದ್ದವರಿಗೆ ಕಾಲೂರಲು ಜಾಗವಿರುವುದಿಲ್ಲ. ಗುಂಪಿನಲ್ಲಿ ಎಷ್ಟೇ ಒಳ್ಳೆಯ ಈಜುಗಾರರಿದ್ದರೂ ಇದಕ್ಕೆ ಅವಕಾಶ ಕೊಡಬೇಡಿ.

ಯಾದಗಿರಿ, ಶಹಾಪುರ, ಸುರಪುರದ ಕಡೆಗೆ ಹೋದಂತೆ ನೆಲ ಮತ್ತೆ ಬದಲಾಗಿ, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಕಗ್ಗಲ್ಲಿನ ಗುಂಡುಗಳ ಗುಡ್ಡಗಳು ಕಾಣುತ್ತವೆ. ಶಹಾಪುರದ ಹತ್ತಿರ ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲು ಈ ಬಗೆಯದೇ. ಆದರೆ ಆ ಆಕಾರ ಕಾಣುವುದು ದೂರದ ರಸ್ತೆಯಿಂದಲೇ ಹೊರತು ಬೆಟ್ಟದ ಮೇಲಿಂದಲ್ಲ. ಹೊಸಬರಿಗೆ ನಾನು ಮೊದಲು ಸೂಚಿಸುವುದು ಯಾದಗಿರಿಯ ಕೋಟೆ ಗುಡ್ಡವನ್ನು. ದಾರಿ ತಪ್ಪುವ ಭಯವಿಲ್ಲ, ಊರು ಕಾಲಡಿಯಲ್ಲೇ ಇದೆ. ಊರು ಹತ್ತಿರವಿದೆಯೆಂಬ ಈ ಧೈರ್ಯವೇ ಒಮ್ಮೆ ನಮಗೆ ಮುಳುವಾಯಿತು. ಒಬ್ಬರಿಗೆ ಒಂದೇ ಲೀಟರ್ ನೀರಿನ ಲೆಕ್ಕದಲ್ಲಿ ಹತ್ತಿ, ಕೋಟೆಯ ಮೇಲೆ ಹೊತ್ತು ಕಳೆದು, 11 ಗಂಟೆಯ ಬಿಸಿಲಿಗೆ ಇಳಿಯತೊಡಗಿದಾಗ ಇಬ್ಬರಿಗೆ ತಲೆಸುತ್ತು ಬಂದು ಬಂಡೆಯ ಮರೆಯಲ್ಲಿ ಮುಕ್ಕಾಲು ಗಂಟೆ ಕೂರಬೇಕಾಯಿತು.

3. ಅನುಮತಿ ಪಡೆಯಿರಿ

ಚಿಂಚೋಳಿಯ ಕಾಡು ಸುಮಾರು 135 ಚದರ ಕಿಲೋಮೀಟರ್ ವ್ಯಾಪ್ತಿಯ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗುಂಪಾಗಿ ನುಗ್ಗುವಂತಿಲ್ಲ. ಚಂದ್ರಂಪಳ್ಳಿ ಜಲಾಶಯದವರೆಗೆ ರಸ್ತೆಯಿದೆ ಎಂದ ಮಾತ್ರಕ್ಕೆ ಅದರ ಸುತ್ತಲಿನ ಕಾಡಿನಲ್ಲಿ ನಡೆಯಲು ಅನುಮತಿ ಇದ್ದಂತಾಗುವುದಿಲ್ಲ. ಕನಿಷ್ಠ ಒಂದು ವಾರ ಮುಂಚೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ದಿನಾಂಕ, ಜನರ ಸಂಖ್ಯೆ, ನಡೆಯುವ ದಾರಿ ಇವನ್ನು ಬರೆದ ಅರ್ಜಿ ಕೊಟ್ಟು, ಇಲಾಖೆಯ ಕಾವಲುಗಾರರೊಬ್ಬರನ್ನು ಜೊತೆಗೆ ಕಳುಹಿಸಲು ಸಾಧ್ಯವೇ ಎಂದು ಕೇಳಿ. ಕೋಟೆ, ಸ್ತೂಪ ಮೊದಲಾದ ಸಂರಕ್ಷಿತ ಸ್ಮಾರಕಗಳಿಗೆ ತೆರೆಯುವ, ಮುಚ್ಚುವ ಸಮಯವಿರುತ್ತದೆ. ಸನ್ನತಿ, ಕನಗನಹಳ್ಳಿಯಂತಹ ಕಡೆ ಶಿಲ್ಪಗಳ ಮೇಲೆ ಕಾಲಿಡದಂತೆ ಎಲ್ಲರಿಗೂ ಮೊದಲೇ ತಿಳಿಹೇಳಿ. ಗುಡ್ಡದ ನೆತ್ತಿಯಲ್ಲಿ ಗುಡಿಯೋ ದರ್ಗಾವೋ ಇರುವುದು ನಮ್ಮ ಕಡೆ ವಾಡಿಕೆ. ಬುಡದ ಊರಿನ ಹಿರಿಯರನ್ನು ಕಂಡು, ‘ಯಜಮಾನರೇ, ಮೇಲೆ ಹೋಗಿ ಬರುತ್ತೇವೆ’ ಎಂದು ಹೇಳಿ ಹೋದರೆ ದಾರಿಯೂ ತಿಳಿಯುತ್ತದೆ, ಹೊತ್ತಾದರೆ ಹುಡುಕಿಕೊಂಡು ಬರುವವರೂ ಇರುತ್ತಾರೆ.

4. ಗುಂಪನ್ನು ಕಟ್ಟಿ

ಹನ್ನೆರಡು ಮಂದಿಗಿಂತ ದೊಡ್ಡ ಗುಂಪು ಒಟ್ಟಾಗಿ ನಡೆಯುವುದು ಕಷ್ಟ. ಹೆಚ್ಚಿದ್ದರೆ ಎರಡು ಗುಂಪು ಮಾಡಿ, ಪ್ರತಿ ಗುಂಪಿಗೂ ದಾರಿ ಬಲ್ಲ ಒಬ್ಬ ಮುಂದಾಳನ್ನೂ, ಎಲ್ಲರಿಗಿಂತ ಕೊನೆಯಲ್ಲಿ ನಡೆಯುವ ಒಬ್ಬ ಹಿಂದಾಳನ್ನೂ ನೇಮಿಸಿ. ಹಿಂದಾಳಿನ ಕೆಲಸ ಒಂದೇ: ತನ್ನ ಹಿಂದೆ ಯಾರೂ ಉಳಿಯದಂತೆ ನೋಡಿಕೊಳ್ಳುವುದು. ಈ ಕೆಲಸವನ್ನು ಬಲಿಷ್ಠರಿಗೆ, ತಾಳ್ಮೆಯುಳ್ಳವರಿಗೆ ಕೊಡಿ. ನಿಧಾನವಾಗಿ ನಡೆಯುತ್ತಾರೆಂಬ ಕಾರಣಕ್ಕೆ ದಣಿದವರನ್ನು ಹಿಂದಾಳಾಗಿಸಬೇಡಿ. ನಿಧಾನಿಗಳು ಸಾಲಿನಲ್ಲಿ ಮುಂದಾಳಿನ ಬೆನ್ನಿಗೇ ಇರಬೇಕು, ಆಗ ಇಡೀ ಗುಂಪು ಅವರ ನಡಿಗೆಗೆ ಹೊಂದಿಕೊಳ್ಳುತ್ತದೆ.

ಪ್ರತಿಯೊಬ್ಬರ ಹೆಸರು, ಮನೆಯವರ ಫೋನ್ ಸಂಖ್ಯೆ, ರಕ್ತದ ಗುಂಪು, ನಿತ್ಯ ಸೇವಿಸುವ ಔಷಧ ಇವುಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದು, ಒಂದು ಪ್ರತಿಯನ್ನು ಊರಿನಲ್ಲಿರುವ ನಂಬಿಕಸ್ಥರಿಗೆ ಕೊಡಿ. ಎಷ್ಟು ಗಂಟೆಯೊಳಗೆ ನಿಮ್ಮ ಕರೆ ಬರದಿದ್ದರೆ ವಿಚಾರಿಸಬೇಕು ಎಂಬುದನ್ನೂ ಅವರಿಗೆ ಹೇಳಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಬರಲಿ. ಬಸ್ಸಿನಲ್ಲಿ ಹೋಗುವುದಾದರೆ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ, ಗುರುತಿನ ಚೀಟಿ ತರಲು ಹೇಳಿ. ಆದರೆ ಮೊದಲ ಬಸ್ಸು ತಡವಾಗಿ ತಲುಪುವ ಊರುಗಳಿಗೆ ಕ್ರೂಸರ್ ಗೊತ್ತುಮಾಡುವುದೇ ಸರಿ, ಏಕೆಂದರೆ ಬೆಳಗಿನ ಒಂದು ಗಂಟೆಯ ಬೆಲೆ ಬಾಡಿಗೆಯ ಹಣಕ್ಕಿಂತ ಹೆಚ್ಚು.

5. ಹೊತ್ತಿನ ಲೆಕ್ಕ ಹಾಕಿ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: ಸಮತಟ್ಟಿನಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ತಂಪು ನಾಡಿನ ಗಟ್ಟಿಗರ ಲೆಕ್ಕ. ನಮ್ಮ ಬಿಸಿಲಿಗೆ, ಹೊಸಬರ ಗುಂಪಿಗೆ, ಗಂಟೆಗೆ ಮೂರು ಕಿಲೋಮೀಟರ್ ಎಂದಿಟ್ಟುಕೊಂಡು, ಏರಿನ ಹೊತ್ತನ್ನು ಬೇರೆ ಸೇರಿಸಿ. ಏರು ಎಷ್ಟಿದೆ ಎಂದು ತಿಳಿಯಲು ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆ ನೋಡಿ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಎಲ್ಲಿ ಒತ್ತೊತ್ತಾಗಿವೆಯೋ ಅಲ್ಲಿ ಏರು ಕಡಿದು.

ಇನ್ನು ಮುಖ್ಯವಾದದ್ದು ಮರಳುಗಂಟೆ, ಅಂದರೆ ನೆತ್ತಿ ತಲುಪಿರಲಿ ಬಿಡಲಿ, ಗುಂಪು ಹಿಂದಿರುಗಲೇಬೇಕಾದ ಹೊತ್ತು. ಬೆಳಕು ಹರಿಯುತ್ತಿದ್ದಂತೆ ನಡೆಯಲು ಆರಂಭಿಸಿ, ಚಳಿಗಾಲದಲ್ಲೂ 9 ಗಂಟೆಯನ್ನು ಮರಳುಗಂಟೆಯಾಗಿ ಇಟ್ಟುಕೊಂಡರೆ 11ರೊಳಗೆ ಬುಡ ಸೇರಬಹುದು. ಇದನ್ನು ಹಿಂದಿನ ದಿನವೇ ಎಲ್ಲರೆದುರು ಹೇಳಿಬಿಡಿ. ನೆತ್ತಿ ಕಣ್ಣೆದುರಿಗಿರುವಾಗ ‘ಇನ್ನು ಹತ್ತೇ ನಿಮಿಷ’ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಆಗ ಹೊಸದಾಗಿ ವಾದ ಮಾಡುತ್ತ ನಿಲ್ಲಲಾಗುವುದಿಲ್ಲ.

6. ನೀರು, ಉಪ್ಪು, ಬುತ್ತಿ

ಬಿಸಿಲಿನಲ್ಲಿ ನಡೆಯುವವರಿಗೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ. ಐದು ಗಂಟೆಯ ಚಾರಣಕ್ಕೆ ಒಬ್ಬರಿಗೆ ಮೂರು ಲೀಟರ್ ಬೆನ್ನಿನ ಚೀಲದಲ್ಲಿ, ಇನ್ನೊಂದು ಲೀಟರ್ ಬುಡದ ವಾಹನದಲ್ಲಿ ಇರಲಿ. ಮೂರು ಲೀಟರ್ ಎಂದರೆ ಮೂರು ಕಿಲೋ ತೂಕ. ಭಾರವೆಂದು ಒಂದು ಬಾಟಲಿ ವಾಹನದಲ್ಲೇ ಬಿಟ್ಟು ಬರುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಹೊರಡುವ ಮುನ್ನ ಮುಂದಾಳು ಪ್ರತಿಯೊಬ್ಬರ ಚೀಲವನ್ನು ತೆರೆಸಿ ಬಾಟಲಿಗಳನ್ನು ಎಣಿಸಬೇಕು. ಸಂಕೋಚ ಬೇಡ, ಹಿರಿಯ ಅಧಿಕಾರಿಗಳಿದ್ದರೂ ಎಣಿಸಿ. ದಾರಿಯಲ್ಲಿ ಕೊಳವೆಬಾವಿ ಸಿಗುತ್ತದೆಂದು ನಂಬಬೇಡಿ. ಕೈಪಂಪು ಕೆಟ್ಟಿರಬಹುದು, ನೀರು ಸವಳಿರಬಹುದು. ಹೊಲದ ಬದಿಯ ಹಳ್ಳದ ನೀರಿನಲ್ಲಿ ಕೀಟನಾಶಕ ಸೇರಿದ್ದರೆ ಕುದಿಸಿದರೂ ಹೋಗುವುದಿಲ್ಲ.

ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು ಕುಡಿಯಿರಿ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಮಿತಿಮೀರಿ ಕುಡಿಯುವುದೂ ಅಪಾಯಕಾರಿ: ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಮಂಕು ಕವಿಯುವುದು ಉಂಟಾಗುತ್ತದೆ. ಪ್ರತಿಯೊಬ್ಬರ ಬಳಿ ಓಆರ್‌ಎಸ್, ಅಂದರೆ ದೇಹ ಕಳೆದುಕೊಂಡ ನೀರು ಮತ್ತು ಲವಣವನ್ನು ಮರಳಿಸುವ ಪುಡಿಯ ಪೊಟ್ಟಣ ಎರಡಿರಲಿ. ಎಷ್ಟು ನೀರಿಗೆ ಬೆರೆಸಬೇಕೆಂದು ಪೊಟ್ಟಣದ ಮೇಲೆ ಓದಿ ಅಷ್ಟಕ್ಕೇ ಬೆರೆಸಿ. ಅದೇ ಹೆಸರನ್ನು ಹೋಲುವ ಸಿಹಿ ಪೇಯಗಳು ಬೇರೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಮೂತ್ರ ಗಾಢ ಹಳದಿಯಾಗಿದ್ದರೆ ಅಥವಾ ನಾಲ್ಕು ಗಂಟೆಯಾದರೂ ಬಾರದಿದ್ದರೆ ನೀರು ಸಾಲದೆಂದು ತಿಳಿಯಿರಿ. ದಾರಿಯಲ್ಲಿ ಮರೆಯಿಲ್ಲವೆಂದು ಅನೇಕ ಮಹಿಳೆಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದನ್ನು ಸಂಘಟಕರು ಮೊದಲೇ ಯೋಚಿಸಿ, ಹೊರಡುವ ಮುನ್ನ ಶೌಚಾಲಯದ ವ್ಯವಸ್ಥೆಯನ್ನೂ, ನಡುದಾರಿಯಲ್ಲಿ ಮರೆಯಿರುವ ನಿಲುಗಡೆಯನ್ನೂ ಗೊತ್ತುಮಾಡಬೇಕು.

ಬುತ್ತಿಗೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಇವುಗಳಿಗಿಂತ ಒಳ್ಳೆಯದು ಬೇರೆ ಬೇಡ. ಕೆಡುವುದಿಲ್ಲ, ಹಗುರ, ಉಪ್ಪೂ ಸಿಗುತ್ತದೆ. ಮೊಸರನ್ನ, ಹಸಿ ಕೊಬ್ಬರಿಯ ಚಟ್ನಿ ಬಿಸಿಲಿಗೆ ಹಳಸುತ್ತವೆ. ಊಟಕ್ಕೆ ಗುಡ್ಡದ ಮೇಲೆ ಕೂರದೆ, ಕೆಳಗಿಳಿದು ನೆರಳಿನಲ್ಲಿ ಉಣ್ಣಿ.

7. ಉಡುಪು ಮತ್ತು ಚೀಲ

ತಿಳಿಬಣ್ಣದ, ತುಂಬುತೋಳಿನ ಹತ್ತಿ ಅಂಗಿ, ಅಂಚುಳ್ಳ ಟೊಪ್ಪಿಗೆ ಅಥವಾ ತಲೆಗೆ ಸುತ್ತುವ ರುಮಾಲು, ಕಾಲು ಮುಚ್ಚುವ ಬೂಟು ಇಷ್ಟು ಕಡ್ಡಾಯ. ಜಾಲಿಮುಳ್ಳು ಚಪ್ಪಲಿಯನ್ನು ಮಾತ್ರವಲ್ಲ, ತೆಳುವಾದ ಬೂಟಿನ ಅಟ್ಟೆಯನ್ನೂ ತೂರುತ್ತದೆ, ಚಿಮಟಿಗೆ ಒಯ್ಯಿರಿ. ಉಳಿದಂತೆ ಟಾರ್ಚು, ಸೀಟಿ, ಅಗಲ ಪಟ್ಟಿಯ ಬ್ಯಾಂಡೇಜು, ಕಸ ತುಂಬಿ ತರಲು ಚೀಲ ಸಾಕು. ಸೀಟಿಯ ಸಂಕೇತ ಎಲ್ಲರಿಗೂ ತಿಳಿದಿರಲಿ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ ಆಪತ್ತಿನ ಕರೆ, ನಿಮಿಷಕ್ಕೆ ಮೂರು ಸಲ ಊದಿದರೆ ಅದಕ್ಕೆ ಓಗೊಟ್ಟಂತೆ.

8. ನಡೆಯುವಾಗ

ಮಾತಾಡುತ್ತ ನಡೆಯಲು ಆಗುವಷ್ಟೇ ವೇಗವಿರಲಿ. ಮುಂದೆ ಹೋದವರು ನಿಂತು ದಣಿವಾರಿಸಿಕೊಂಡು, ಹಿಂದಿನವರು ಬಂದು ಸೇರಿದೊಡನೆ ಎದ್ದು ಹೊರಟರೆ, ವಿಶ್ರಾಂತಿ ಹೆಚ್ಚು ಬೇಕಾದವರಿಗೇ ಅದು ದಕ್ಕುವುದಿಲ್ಲ. ಕೊನೆಯವರು ಬಂದು ಕೂತ ಮೇಲೆಯೇ ವಿಶ್ರಾಂತಿಯ ಐದು ನಿಮಿಷದ ಎಣಿಕೆ ಆರಂಭವಾಗಲಿ, ಪ್ರತಿ ನಿಲುಗಡೆಯಲ್ಲೂ ತಲೆ ಎಣಿಸಿ. ಕಲ್ಲುಗುಂಡುಗಳ ಮೇಲೆ ಎರಡು ಕೈ, ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಊರಿರಬೇಕು, ಒಂದನ್ನು ಮಾತ್ರ ಎತ್ತಬೇಕು. ಬೆರಳು ತೂರಿಸುವ ಮುನ್ನ ಸಂದಿಯನ್ನು ಕಣ್ಣಿನಿಂದ ನೋಡಿ. ಇಳಿಯುವಾಗ ಮಂಡಿ ನಡುಗಿ ಜಾರುವ ಸಂಭವ ಹೆಚ್ಚಾದ್ದರಿಂದ ಹರಟೆಗೆ, ಫೋಟೋಗೆ ಕಡಿವಾಣ ಹಾಕಿ.

9. ಆಪತ್ತು ಬಂದರೆ

ಬಿಸಿಲಿನ ಬಳಲಿಕೆಯನ್ನೂ ಉಷ್ಣಾಘಾತವನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಯಿರಿ. ತಲೆಸುತ್ತು, ವಿಪರೀತ ಬೆವರು, ಸ್ನಾಯು ಸೆಳೆತವಿದ್ದು, ವ್ಯಕ್ತಿ ಸರಿಯಾಗಿ ಮಾತಾಡುತ್ತಿದ್ದರೆ ಅದು ಬಳಲಿಕೆ. ನೆರಳಿನಲ್ಲಿ ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಓಆರ್‌ಎಸ್ ಕುಡಿಸಿ, ಚಾರಣವನ್ನು ಅಲ್ಲಿಗೇ ನಿಲ್ಲಿಸಿ. ಮಾತು ತೊದಲಿದರೆ, ಎಲ್ಲಿದ್ದೇನೆಂಬುದೇ ತಿಳಿಯದಂತೆ ವರ್ತಿಸಿದರೆ, ಮೈ ಸುಡುತ್ತಿದ್ದರೆ ಅದು ಉಷ್ಣಾಘಾತ. ದೇಹದ ಒಳಗಿನ ತಾಪ 40 ಡಿಗ್ರಿ ಮೀರಿರುವ ಈ ಸ್ಥಿತಿಯಲ್ಲಿ ಬೆವರು ಇದ್ದರೂ ಇರಬಹುದು, ಆದ್ದರಿಂದ ಬೆವರನ್ನು ನೋಡಿ ಸಮಾಧಾನಪಡಬೇಡಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದು. ಉಳಿದಿರುವ ನೀರನ್ನೆಲ್ಲ ಮೈಮೇಲೆ ಸುರಿದು, ಬಟ್ಟೆ ಸಡಿಲಿಸಿ, ಜೋರಾಗಿ ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೂ, ಬಂದ ಮೇಲೂ ತಂಪು ಮಾಡುವುದನ್ನು ನಿಲ್ಲಿಸಬೇಡಿ. ಚಿಂಚೋಳಿಯಂತಹ ಗಡಿ ಭಾಗದಲ್ಲಿ ಮೊಬೈಲು ತೆಲಂಗಾಣದ ಟವರಿಗೆ ಹೊಂದಿಕೊಳ್ಳುವ ಸಂಭವವಿರುವುದರಿಂದ ಮೊದಲ ವಾಕ್ಯದಲ್ಲೇ ರಾಜ್ಯ, ಜಿಲ್ಲೆ, ಊರಿನ ಹೆಸರು ಹೇಳಿ.

ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಔಷಧವಿದೆ. ಗರಗಸ ಮಂಡಲ ಚಿಕ್ಕದು, ಒಣ ಕಲ್ಲಿನ ನೆಲವೇ ಅದರ ಬೀಡು, ಆದ್ದರಿಂದ ಕೂರುವ ಮುನ್ನ ಕೋಲಿನಿಂದ ತಟ್ಟಿ ನೋಡಿ. ಕಚ್ಚಿದರೆ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಆ ಭಾಗವನ್ನು ಅಲುಗದಂತೆ ಕೋಲು ಕೊಟ್ಟು ಸುತ್ತಿ, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹುಡುಕಿ ಕೊಲ್ಲಲು ಹೋದರೆ ಹೊತ್ತೂ ಹೋಗುತ್ತದೆ, ಇನ್ನೊಬ್ಬರಿಗೂ ಕಚ್ಚಬಹುದು. ಆ ಔಷಧ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಿ. ಕೆಂಪು ಚೇಳು ಕುಟುಕಿದ ಮೇಲೆ ಮೈಯೆಲ್ಲ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ ಹೃದಯಕ್ಕೆ ತೊಂದರೆಯಾಗುತ್ತಿರುವ ಲಕ್ಷಣ. ಮನೆಮದ್ದಿಗೆ ಹೊತ್ತು ಕಳೆಯದೆ ಹೊರಡಿ.

ಕೋಟೆಯ ಗೋಡೆಗಳಲ್ಲಿ, ಬಂಡೆಯ ಚಾಚುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದರ ಕೆಳಗೆ ಹೊಗೆ, ಗದ್ದಲ, ಕಲ್ಲೆಸೆತ ಸಲ್ಲದು, ಅಂದು ಅತ್ತರು ಹಚ್ಚಿಕೊಂಡು ಬರಬೇಡಿ. ಎದ್ದರೆ ಮುಖ ಮುಚ್ಚಿಕೊಂಡು, ಎಲ್ಲಿಯೂ ನಿಲ್ಲದೆ ದೂರ ಓಡಿ. ಸಿಡಿಲಿನ ವಿಷಯದಲ್ಲಿ, ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಅದು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ನೆತ್ತಿಯಿಂದ ಕೂಡಲೇ ಇಳಿಯಿರಿ, ಒಂಟಿ ಮರದಡಿ ನಿಲ್ಲಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

10. ಹೊರಗಿನ ಮರುಭೂಮಿಗೆ, ಪರ್ವತಕ್ಕೆ ಹೊರಡುವವರು

ನಾಲ್ಕಾರು ವಾರಾಂತ್ಯ ಇಲ್ಲಿ ನಡೆದವರು ಥಾರ್‌ ಮರುಭೂಮಿಗೋ ಲಡಾಖಿಗೋ ಹೋಗಬಹುದೇ ಎಂದು ಕೇಳುತ್ತಾರೆ. ಇಲ್ಲಿ ಕಲಿತ ನೀರಿನ ಶಿಸ್ತು ಜೈಸಲ್ಮೇರಿನ ಮರಳುದಿಬ್ಬಗಳಲ್ಲಿ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ಸಡಿಲ ಮರಳಿನಲ್ಲಿ ನಡಿಗೆಯ ವೇಗವನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿ, ಗಾಳಿಗೆ ಹೆಜ್ಜೆಗುರುತು ಅಳಿಸುವುದರಿಂದ ಬಂದ ದಾರಿಯನ್ನು ನಂಬಬೇಡಿ, ಚಳಿಗಾಲದ ರಾತ್ರಿಗೆ ಬೆಚ್ಚನೆಯ ಉಡುಪು ಒಯ್ಯಿರಿ.

ಲಡಾಖಿನ ಮಾತು ಬೇರೆ. ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಿ ನಿಂತರೂ ಸಮುದ್ರಮಟ್ಟದಿಂದ 800 ಮೀಟರ್ ದಾಟುವುದಿಲ್ಲ, ಲೇಹ್ ಪಟ್ಟಣವೋ ಸುಮಾರು 3,500 ಮೀಟರ್ ಎತ್ತರದಲ್ಲಿದೆ. 2,500 ಮೀಟರಿನಿಂದಾಚೆ ಗಾಳಿಯ ಒತ್ತಡ ತಗ್ಗಿ, ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗಿ ಉಂಟಾಗುವ ತಲೆನೋವು, ವಾಕರಿಕೆ, ನಿದ್ರಾಹೀನತೆಗೆ ಎತ್ತರದ ಬೇನೆ ಎನ್ನುತ್ತಾರೆ. ಎಷ್ಟೇ ಗಟ್ಟಿಗರಿಗೂ ಅದು ಬರಬಹುದು. ವಿಮಾನದಿಂದ ಇಳಿದ ಮೊದಲ ಎರಡು ದಿನ ಲೇಹ್‌ನಲ್ಲೇ ವಿಶ್ರಮಿಸಿ. ಚಾರಣದಲ್ಲಿ 3,000 ಮೀಟರಿನ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ, ಲಕ್ಷಣಗಳಿರುವಾಗ ಮೇಲೇರಬೇಡಿ. ನಡೆಯುವಾಗ ಕಾಲು ತಡವರಿಸಿದರೆ ಅಥವಾ ಕೂತಲ್ಲೇ ಏದುಸಿರು ಬಂದರೆ, ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಕೆಳಗಿಳಿಯಿರಿ.